ಕಾಲಮ್ಮಿಗೆ ಉಪ್ಪು ಕುಡಿಸಿದವಳು

ಅವಳು ತೀರಿಕೊಂಡ ಸುದ್ದಿಯನ್ನು ಫೋನಿನಲ್ಲಿ ಹೇಳಿದವನು ಗಂಗಣ್ಣ. ನಮ್ಮ ಪೀಣ್ಯದ ಫ್ಯಾಕ್ಟರಿಯಲ್ಲಿ ಬಾಯ್ಲರ್ ನೋಡಿಕೊಳ್ಳುತ್ತಿದ್ದವನು. ಈಗ ಅವನಿಗೂ ಮೊಮ್ಮಕ್ಕಳಿದ್ದಾರೆ. "ಮೇಡಂ, ಅಕ್ಕ ಓಗ್ಬಿಟ್ರು" ಅಂದ. ಯಾವ ಅಕ್ಕ ಎಂದು ನಾನು ಕೇಳಲಿಲ್ಲ. ಆ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರಿಗೆಲ್ಲ ಅಕ್ಕ ಎಂದರೆ ಒಬ್ಬಳೇ. ಅಲ್ಲಿ ಕೆಮಿಸ್ಟ್ ಆಗಿದ್ದ ಹೆಂಗಸರು ನಾವಿಬ್ಬರು, ಅವಳಿಗಿಂತ ಮೊದಲು ಸೇರಿದವಳು ನಾನು. ಆದರೂ ನಾನು ಕೊನೆಯವರೆಗೆ ಮೇಡಂ ಆಗಿಯೇ ಉಳಿದೆ, ಅವಳು ಬಂದ ವಾರದೊಳಗೆ ಅಕ್ಕ ಆಗಿಬಿಟ್ಟಳು.

ಫೋನು ಇಟ್ಟ ಮೇಲೆ ಅಳು ಬರಬಹುದೇನೋ ಎಂದು ಸ್ವಲ್ಪ ಹೊತ್ತು ಕೂತೆ. ಬರಲಿಲ್ಲ. ಗಂಗಣ್ಣ ಹೇಳುತ್ತಾ ಹೇಳುತ್ತಾ ಅತ್ತಿದ್ದನಲ್ಲ, ನಾನು ಸತ್ತರೆ ಇವನು ಹೀಗೆ ಅಳುತ್ತಾನೆಯೇ ಎಂಬ ಯೋಚನೆ ಬಂತು. ಸತ್ತವರ ಮೇಲೆ ಹೊಟ್ಟೆಕಿಚ್ಚು ಪಡಬಾರದು ಅನ್ನುತ್ತಾರೆ. ಬದುಕಿದ್ದಾಗ ಪಟ್ಟವರಿಗೆ ಅದು ಒಂದೇ ದಿನದಲ್ಲಿ ಬಿಟ್ಟುಹೋಗುವ ಚಟವಲ್ಲ. ಎದುರಿಗೆ ಅವಳನ್ನು ಯಾವತ್ತೂ ನೀವು ಎಂದೇ ಮಾತಾಡಿಸಿದ್ದೇನೆ. ಮನಸ್ಸಿನಲ್ಲಿ ಮಾತ್ರ ಮೊದಲ ದಿನದಿಂದಲೂ ಅವಳು. ಈಗ ಬರೆಯುವಾಗ ಬದಲಾಯಿಸಿದರೆ ನಾಟಕವಾಗುತ್ತದೆ.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಪೀಣ್ಯದ ತುಂಬ ಲೇತು, ಎರಕ, ವೆಲ್ಡಿಂಗು. ರಸ್ತೆಯ ಮಣ್ಣಿನಲ್ಲಿ ಕಬ್ಬಿಣದ ಚೂರು ಮಿನುಗುತ್ತಿತ್ತು. ಅವುಗಳ ನಡುವೆ ಆಲೆಮನೆಯ ವಾಸನೆ ಬರುವ ಫ್ಯಾಕ್ಟರಿ ನಮ್ಮದೊಂದೇ. ಸಕ್ಕರೆ ಕರಗಿಸಿ, ಬಗೆಬಗೆಯ ಸಿಹಿ ಪಾಕ ಮಾಡಿ, ಬಿಸ್ಕತ್ತು, ಜಾಮು, ಔಷಧಿ ತಯಾರಿಸುವವರಿಗೆ ಪೀಪಾಯಿಗಟ್ಟಲೆ ಮಾರುತ್ತಿದ್ದೆವು. ನಾನು ರಾಜಾಜಿನಗರದಿಂದ ಫ್ಯಾಕ್ಟರಿ ಬಸ್ಸಿನಲ್ಲಿ ಬರುತ್ತಿದ್ದೆ, ಕಿಟಕಿಯ ಪಕ್ಕ, ಕೈಚೀಲ ತೊಡೆಯ ಮೇಲೆ. ಲ್ಯಾಬಿನಲ್ಲಿ ನನ್ನ ಮೇಜು ಎಷ್ಟು ಚೊಕ್ಕಟವಾಗಿರುತ್ತಿತ್ತೆಂದರೆ, ಹೊರಗಿನವರು ಯಾರಾದರೂ ಫ್ಯಾಕ್ಟರಿ ನೋಡಲು ಬಂದರೆ ಮ್ಯಾನೇಜರು ಮೊದಲು ಅದನ್ನೇ ತೋರಿಸುತ್ತಿದ್ದರು. ಅವಳು ಬರುವ ತನಕ ನನಗೆ ಅಷ್ಟು ಸಾಕಾಗಿತ್ತು.

ಅವಳು ಮಾಕಳಿಯವಳು. ತುಮಕೂರು ರಸ್ತೆಯಲ್ಲಿ ನಮ್ಮ ಫ್ಯಾಕ್ಟರಿ ದಾಟಿ ಮುಂದೆ ಹೋದರೆ ಸಿಗುವ ಊರು. ಅವರಪ್ಪನಿಗೆ ಅಲ್ಲಿ ರಾಗಿ ಹೊಲ, ಬಾವಿ, ಎಮ್ಮೆಗಳು. ಅವಳು ಓದಿದ್ದು ಎಂ.ಎಸ್ಸಿ., ನಾನು ಓದಿದ್ದೂ ಎಂ.ಎಸ್ಸಿ.; ಅಂಕ ನನಗೇ ಜಾಸ್ತಿ ಬಂದಿತ್ತು. ಮೊದಲ ದಿನ ಮೊಪೆಡ್ ಮೇಲೆ ಬಂದಳು, ಸೆರಗು ಸೊಂಟಕ್ಕೆ ಬಿಗಿದು, ಕಾಲ ಬಳಿ ಒಂದು ಚೀಲ ಅವರೆಕಾಯಿ ಇಟ್ಟುಕೊಂಡು. ಗೇಟಿನ ಕಾವಲುಗಾರ ನೇಮಕದ ಆರ್ಡರ್ ತೋರಿಸಿ ಎಂದರೆ, "ಅದು ಚೀಲದ ತಳದಾಗೆ ಐತೆ ಕಣಣ್ಣ, ಮೊದ್ಲು ಕಾಯಿ ಈಚೆಗ್ ತಗಿ" ಅಂದಳಂತೆ. ಆರ್ಡರ್ ಈಚೆಗೆ ಬರುವಷ್ಟರಲ್ಲಿ ಅರ್ಧ ಕಾಯಿ ಕಾವಲುಗಾರನ ಪಾಲಾಗಿತ್ತು. ಉಳಿದದ್ದು ಕ್ಯಾಂಟೀನಿಗೆ ಹೋಯಿತು. ನಂತರ ಲ್ಯಾಬಿಗೆ ಬಂದವಳೇ, "ಏನ್ರೀ, ನೀವೇನಾ ನನ್ನ ಜೊತೆಗಾತಿ? ಒಬ್ಳೇ ಎಂಗಸು ಆಗ್ಬಿಡ್ತೀನೇನೋ ಅಂತ ಎದ್ರಿದ್ದೆ ಕಣ್ರೀ" ಎಂದು ನನ್ನ ಹೆಗಲ ಮೇಲೆ ಕೈ ಹಾಕಿದಳು. ಆಗ ತಾನೇ ಒಗೆದು ಇಸ್ತ್ರಿ ಮಾಡಿದ ನನ್ನ ಬಿಳಿ ಕೋಟಿಗೆ ಅವರೆಕಾಯಿಯ ಸೊಗಡು ಹತ್ತಿತು.

ಅವಳಿಗೆ ಹಳ್ಳಿ ಮಾತು ಬಿಟ್ಟರೆ ಬೇರೆ ಬಾರದೇನೋ ಎಂದುಕೊಂಡು ಆ ದಿನ ಸಮಾಧಾನಪಟ್ಟೆ. ಮಧ್ಯಾಹ್ನ ಮ್ಯಾನೇಜರ ಎದುರು ಕೂತು ಸರಾಗವಾಗಿ ಇಂಗ್ಲಿಷಿನಲ್ಲಿ ಮಾತಾಡಿದ್ದು ಕೇಳಿಸಿತು. ಹೊರಗೆ ಬಂದು ಗಂಗಣ್ಣನ ಹತ್ತಿರ ಮತ್ತೆ ಅಂಗೆ, ಇಂಗೆ. ಎರಡೂ ಅವಳಿಗೆ ಸಲೀಸು. ನನ್ನದು ಎಲ್ಲರ ಹತ್ತಿರವೂ ಒಂದೇ ಅಚ್ಚುಕಟ್ಟಾದ ಕನ್ನಡ. ನಾನು "ಗಂಗಣ್ಣ, ದಯವಿಟ್ಟು ಆ ವಾಲ್ವ್ ನಿಲ್ಲಿಸಿ" ಅಂದರೆ ಅವನು ನಿಲ್ಲಿಸುತ್ತಿದ್ದ. ಅವಳು "ಲೋ, ನಿಲ್ಸೋ ಮಾರಾಯ" ಅಂದರೆ ನಗುತ್ತಾ ನಿಲ್ಲಿಸುತ್ತಿದ್ದ. ಕೆಲಸ ಎರಡೂ ಕಡೆ ಆಗುತ್ತಿತ್ತು, ನನಗೆ ಬೇಕಾಗಿದ್ದದ್ದು ಆ ನಗು.

ಗೇಟಿನಿಂದ ಲ್ಯಾಬಿಗೆ ನಡೆದು ಬರುವುದು ಅವಳ ಪಾಲಿಗೆ ಒಂದು ಮೆರವಣಿಗೆ. ಕಾವಲುಗಾರನ ಮಗಳ ಜ್ವರ, ಡ್ರೈವರನ ತಂಗಿಯ ಹೆರಿಗೆ, ಪ್ಯಾಕಿಂಗ್ ಹೆಂಗಸರ ಚೀಟಿ ಜಗಳ, ಎಲ್ಲವನ್ನೂ ಮುಗಿಸಿಕೊಂಡೇ ಒಳಗೆ ಕಾಲಿಡುತ್ತಿದ್ದಳು. ಲೇಟಾಯಿತಲ್ಲ ಎಂದು ನಾನು ಗಡಿಯಾರ ನೋಡಿದರೆ, "ಯಾವ್ದೂ ಓಡೋಗಲ್ಲ ಬಿಡಿ" ಅನ್ನುತ್ತಿದ್ದಳು. ಅವಳ ಊಟದ ಕ್ಯಾರಿಯರ್ ನಾಲ್ಕು ಡಬ್ಬಿಯದು. ಒಂದು ಅವಳಿಗೆ, ಮೂರು ಕಂಡವರಿಗೆ. ನನ್ನ ಡಬ್ಬಿಯ ಮುಚ್ಚಳ ತೆಗೆದು ಬೆರಳಲ್ಲಿ ಮೊಸರನ್ನ ತೆಗೆದು ತಿಂದು, "ಒಗ್ಗರಣೆಗೆ ಇನ್ನೊಂಚೂರು ಇಂಗು ಬೀಳ್ಬೇಕಿತ್ತು" ಎಂದು ನಮ್ಮಮ್ಮನ ಅಡಿಗೆಗೆ ಅಂಕ ಕೊಡುತ್ತಿದ್ದಳು. ಸಿಟ್ಟು ಬಂದು ಆ ಸಂಜೆ ಅಮ್ಮನಿಗೆ ಹೇಳಿದರೆ ಅಮ್ಮ ಮರುದಿನದಿಂದ ಇಂಗು ಜಾಸ್ತಿ ಹಾಕಿದಳು.

ಅವಳೇನು ದೇವತೆಯಲ್ಲ. ಇದನ್ನು ಯಾರಾದರೂ ಬರೆಯಬೇಕು. ಅವಳ ಕೈಯಲ್ಲಿ ಗಾಜಿನ ಸಾಮಾನು ಉಳಿಯುತ್ತಿರಲಿಲ್ಲ. ಹಬ್ಬಕ್ಕೆ ರಜೆ ಸಿಗದಿದ್ದರೆ ಬದುಕಿದ್ದ ಅಜ್ಜಿಯನ್ನು ಮ್ಯಾನೇಜರ ಎದುರು ಸಾಯಿಸುತ್ತಿದ್ದಳು. ಆ ಅಜ್ಜಿ ಒಂದು ಸಲ ಹಣ್ಣಿನ ಬುಟ್ಟಿ ಹೊತ್ತು ಫ್ಯಾಕ್ಟರಿಗೇ ಬಂದುಬಿಟ್ಟಿತು. ಬೇರೆಯವರಾಗಿದ್ದರೆ ಮೆಮೊ ಸಿಗುತ್ತಿತ್ತು. ಮ್ಯಾನೇಜರು ಅಜ್ಜಿಗೆ ಕುರ್ಚಿ ಹಾಕಿಸಿ, ಕಾಫಿ ಕೊಡಿಸಿ, "ಚೆನ್ನಾಗಿದ್ದೀರಾ ತಾಯಿ, ನೀವು ಹೋಗ್ಬಿಟ್ರಿ ಅಂತ ಸುದ್ದಿ ಬಂದಿತ್ತು" ಅಂದರು. ಇಡೀ ಫ್ಯಾಕ್ಟರಿ ವಾರವಿಡೀ ನಕ್ಕಿತು. ನನ್ನ ಅಜ್ಜಿ ನಿಜವಾಗಿ ತೀರಿಕೊಂಡಾಗ ನಾನು ಅರ್ಧ ದಿನ ಮಾತ್ರ ರಜೆ ಹಾಕಿದ್ದೆ, ಅದು ಯಾರ ನೆನಪಿನಲ್ಲೂ ಇಲ್ಲ.

ಹೀಗಿರುವಾಗ ಫ್ಯಾಕ್ಟರಿಗೆ ಕಾಲಮ್ ಬಂತು. ಸಕ್ಕರೆ ಪಾಕಕ್ಕೆ ತುಸು ಆಮ್ಲ ಬೆರೆಸಿ ಕಾಯಿಸಿದರೆ ಸಕ್ಕರೆ ಒಡೆದು ಎರಡಾಗುತ್ತದೆ, ಗ್ಲೂಕೋಸು ಮತ್ತು ಫ್ರಕ್ಟೋಸು. ಎರಡರ ತೂಕವೂ ಒಂದೇ, ಸೋಸಿದರೂ ಕುದಿಸಿದರೂ ಬೇರೆಯಾಗುವುದಿಲ್ಲ. ಅದಕ್ಕೆ ಈ ಕಾಲಮ್. ಎರಡಾಳು ಎತ್ತರದ ಉಕ್ಕಿನ ಕೊಳವೆ, ಅದರ ತುಂಬ ಸಾಸಿವೆಗಿಂತ ಸಣ್ಣ, ಜೇನಿನ ಬಣ್ಣದ ರೆಸಿನ್ ಮಣಿಗಳು. ಮೇಲಿನಿಂದ ಬೆರಕೆ ಪಾಕ ಬಿಟ್ಟು ಹಿಂದೆಯೇ ಬಿಸಿನೀರು ಬಿಟ್ಟರೆ, ಮಣಿಗಳು ಫ್ರಕ್ಟೋಸನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುತ್ತವೆ, ಗ್ಲೂಕೋಸನ್ನು ಬಿಟ್ಟುಬಿಡುತ್ತವೆ. ಕೆಳಗೆ ಗ್ಲೂಕೋಸು ಮೊದಲು ಬರುತ್ತದೆ, ಫ್ರಕ್ಟೋಸು ನಿಧಾನವಾಗಿ ಆಮೇಲೆ. ನಡುವೆ ಸರಿಯಾದ ಗಳಿಗೆಯಲ್ಲಿ ವಾಲ್ವ್ ತಿರುಗಿಸಿ ಟ್ಯಾಂಕು ಬದಲಾಯಿಸಬೇಕು. ಬೇಗ ತಿರುಗಿಸಿದರೂ ಬೆರಕೆ, ತಡವಾದರೂ ನಷ್ಟ.

ಕಾಲಮ್ ನಿಂತ ದಿನ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದು, "ಇದಕ್ಕೆ ಬೇರೆ ಸೆಕ್ಷನ್ ಮಾಡ್ತೀವಿ. ಸದ್ಯ ಇಬ್ಬರೂ ಒಂದೊಂದು ಪಾಳಿ ನೋಡ್ಕೊಳಿ. ವರ್ಷದ ಕೊನೇಲಿ ನಿಮ್ಮಲ್ಲೊಬ್ಬರನ್ನ ಇನ್‌ಚಾರ್ಜ್ ಮಾಡೋಣ" ಅಂದರು. ಅವಳು "ಆಗ್ಲಿ ಸಾರ್" ಎಂದು ಟೀ ಕುಡಿಯಲು ಹೋದಳು. ನಾನು ಲ್ಯಾಬಿಗೆ ಬಂದು ಬಾಗಿಲು ಹಾಕಿಕೊಂಡೆ. ನನಗೆ ಅದು ಬೇಕಿತ್ತು. ಆ ಫ್ಯಾಕ್ಟರಿಯಲ್ಲಿ ಅಲ್ಲಿಯವರೆಗೆ ಯಾವ ಹೆಂಗಸೂ ಒಂದು ಸೆಕ್ಷನ್ನಿಗೆ ಇನ್‌ಚಾರ್ಜ್ ಆಗಿರಲಿಲ್ಲ. ಮೊದಲನೆಯವಳು ನಾನಾಗಬೇಕು, ಬಾಗಿಲ ಮೇಲೆ ನನ್ನ ಹೆಸರಿರಬೇಕು, ಇದು ನನ್ನ ಸೆಕ್ಷನ್ ಎಂದು ನಾಲ್ಕು ಜನ ಹೇಳಬೇಕು. ಬೇರೆ ಯಾರ ಜೊತೆ ಸ್ಪರ್ಧೆಯಾಗಿದ್ದರೂ ನನಗೆ ಇಷ್ಟು ಭಯವಿರುತ್ತಿರಲಿಲ್ಲ.

ಕೆಲಸಗಾರರಿಗೆ ಕಾಲಮ್ ವಿಷಯ ತಿಳಿಸಿಕೊಡುವುದು ಮೊದಲ ಕೆಲಸ. ನಾನು ಕಪ್ಪು ಹಲಗೆಯ ಮೇಲೆ ಚಿತ್ರ ಬರೆದು, ಬಣ್ಣದ ಸೀಮೆಸುಣ್ಣದಲ್ಲಿ ಬಾಣ ಹಾಕಿ, ಒಂದು ಗಂಟೆ ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ನಾನು ಇಳಿದ ಮೇಲೆ ಅವಳು ಎದ್ದು ನಿಂತಳು.

"ಇದು ನಮ್ಮೂರ ಬೀದಿ ಅನ್ಕಳ್ರೋ. ಎರಡೂ ಕಡೆ ಜಗಲಿ ಮ್ಯಾಲೆ ಎಂಗಸ್ರು ಕೂತವ್ರೆ, ಅವ್ರೇ ಈ ಮಣಿಗಳು. ಈಗ ನಮ್ ಮೇಡಂ ಬರ್ತಾರೆ. ತಲೆ ಬಗ್ಗಿಸ್ಕಂಡು ಸೀದಾ ಬಸ್‌ಸ್ಟಾಪಿಗೆ. ಯಾರೂ ತಡೆಯಲ್ಲ. ಇಂದ್ಗಡೆ ನಾನ್ ಬರ್ತೀನಿ. ಒಂದೊಂದ್ ಜಗಲಿಯೋರೂ ಬಾವ್ವ, ಕೂತ್ಕ, ಕಾಪಿ ಕುಡಿ ಅಂತ ಇಡ್ಕಂತಾರೆ. ನಾನ್ ಬಸ್‌ಸ್ಟಾಪಿಗೆ ಬರೋದು ಲೇಟು. ಮೇಡಂ ಗ್ಲೂಕೋಸು, ನಾನು ಫ್ರಕ್ಟೋಸು. ಮೊದ್ಲು ಬಂದೋರ್ನ ಈ ಟ್ಯಾಂಕಿಗೆ ಬಿಡಿ, ಆಮೇಲೆ ಬಂದೋರ್ನ ಆ ಟ್ಯಾಂಕಿಗೆ. ಅಷ್ಟೇಯ."

ಎಲ್ಲರೂ ಹೋ ಎಂದು ನಕ್ಕರು. ಎಲ್ಲರಿಗೂ ಅರ್ಥವಾಯಿತು. ರಸಾಯನಶಾಸ್ತ್ರದ ಪ್ರಕಾರ ಆ ವಿವರಣೆಯಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಎರಡರಲ್ಲಿ ಫ್ರಕ್ಟೋಸಿಗೇ ಸಿಹಿ ಹೆಚ್ಚು, ಬೆಲೆಯೂ ಹೆಚ್ಚು ಎಂಬುದನ್ನು ಅವಳು ಹೇಳಲಿಲ್ಲ. ಅದನ್ನು ಗಂಗಣ್ಣ ಹೇಳಿದ.

ಆದರೆ ಕಾಲಮ್ ನಡೆಸುವುದರಲ್ಲಿ ನನ್ನ ಕೈ ಮೇಲಿತ್ತು. ಇದನ್ನು ಜಂಭವೆಂದು ತಿಳಿದರೂ ಚಿಂತೆಯಿಲ್ಲ. ಪಾಕದೊಳಗೆ ಬೆಳಕು ಹಾಯಿಸಿ ನೋಡುವ ಉಪಕರಣವೊಂದಿತ್ತು; ಗ್ಲೂಕೋಸಾದರೆ ಬೆಳಕು ಬಲಕ್ಕೆ ತಿರುಗುತ್ತದೆ, ಫ್ರಕ್ಟೋಸಾದರೆ ಎಡಕ್ಕೆ. ನಾನು ಕಣ್ಣು ಕೀಲಿಸಿ ಕೂತು, ಬೆಳಕು ವಾಲುವ ಕ್ಷಣಕ್ಕೆ ಸರಿಯಾಗಿ ವಾಲ್ವ್ ತಿರುಗಿಸಲು ಹೇಳುತ್ತಿದ್ದೆ. ಅವಳೂ ಅದೇ ಉಪಕರಣ ನೋಡುತ್ತಿದ್ದಳು, ಆದರೆ ಅದಕ್ಕೂ ಮುಂಚೆ ಕೊಳವೆಯ ಕೆಳಗೆ ಚಮಚ ಹಿಡಿದು ನೆಕ್ಕಿ, "ಬಂತು ಬಂತು, ತಿರುಗ್ಸೋ" ಅನ್ನುತ್ತಿದ್ದಳು. ಎಷ್ಟೋ ಸಲ ಬಂದಿರುತ್ತಿರಲಿಲ್ಲ. ನನ್ನ ಪಾಳಿಯ ಫ್ರಕ್ಟೋಸು ಅವಳ ಪಾಳಿಯದಕ್ಕಿಂತ ಯಾವತ್ತೂ ಶುದ್ಧ. ಮ್ಯಾನೇಜರು ನನ್ನ ಫಲಿತಾಂಶ ನೋಡಿ "ಗುಡ್" ಎಂದು ಮುಂದೆ ಹೋಗುತ್ತಿದ್ದರು. ಅವಳ ಪಾಳಿಯಲ್ಲಿ ಬಂದರೆ ನಿಂತು, ತಾವೂ ಒಂದು ಚಮಚ ಹಿಡಿದು, ಬಂತೋ ಇಲ್ಲವೋ ಎಂದು ಅವಳ ಜೊತೆ ವಾದ ಮಾಡುತ್ತಿದ್ದರು.

ಮಳೆಗಾಲ ಮುಗಿಯುವ ಹೊತ್ತಿಗೆ ಅಣ್ಣನ ಮದುವೆಗೆ ನಾನು ಮೈಸೂರಿಗೆ ಹೋದೆ. ಅದಕ್ಕೆ ಕೆಲವು ದಿನ ಮುಂಚಿನಿಂದ ಕಾಲಮ್ ಸ್ವಲ್ಪ ಮಂಕಾಗಿತ್ತು. ಎರಡು ಸಕ್ಕರೆಗಳ ನಡುವಿನ ಅಂತರ ಕಡಿಮೆಯಾಗಿತ್ತು. ಬಂದ ಮೇಲೆ ನೋಡೋಣ ಎಂದು ಹೇಳಿ ಹೋಗಿದ್ದೆ. ನಾನು ಬರುವಷ್ಟರಲ್ಲಿ ಸರಿಮಾಡಿಟ್ಟು ನನಗೆ ಸಂತೋಷ ಕೊಡಬೇಕೆಂದು ಅವಳಿಗೆ ಅನ್ನಿಸಿತಂತೆ. ಇದನ್ನು ಆಮೇಲೆ ಅವಳೇ ಹೇಳಿದಳು, ನಂಬದಿರಲು ನನಗೆ ಕಾರಣವಿಲ್ಲ.

ಅವಳು ಮಾಡಿದ ತಪ್ಪು ನಮ್ಮಂಥ ಫ್ಯಾಕ್ಟರಿಯಲ್ಲಿ, ಅವಳಂಥವಳಿಂದ ಮಾತ್ರ ಆಗುವಂಥದ್ದು. ಪೀಣ್ಯದ ಬೋರ್‌ವೆಲ್ ನೀರು ಬಲು ಗಡಸು, ಸುಣ್ಣದ ಅಂಶ ತುಂಬಿದ್ದು. ಹಾಗೇ ಬಾಯ್ಲರಿಗೆ ಬಿಟ್ಟರೆ ಒಳಗೆಲ್ಲ ಕಿಟ್ಟ ಕಟ್ಟುತ್ತದೆ. ಅದಕ್ಕೆ ಬಾಯ್ಲರ್ ಪಕ್ಕದಲ್ಲಿ ಒಂದು ಟ್ಯಾಂಕಿತ್ತು. ಅದರಲ್ಲೂ ಇಂಥವೇ ಮಣಿಗಳು, ಇದೇ ಬಣ್ಣ. ಅವು ನೀರಿನ ಸುಣ್ಣವನ್ನು ಹೀರಿಕೊಳ್ಳುತ್ತವೆ. ಹೀರಿ ಹೀರಿ ಸುಸ್ತಾದಾಗ ಉಪ್ಪು ನೀರು ಹಾಯಿಸಿದರೆ ಸುಣ್ಣ ಬಿಟ್ಟುಕೊಟ್ಟು ಮತ್ತೆ ಚುರುಕಾಗುತ್ತವೆ. ಕಾಲಮ್ ಬರುವ ಮೊದಲು ಆ ಟ್ಯಾಂಕಿನ ಉಸ್ತುವಾರಿ ಅವಳದಾಗಿತ್ತು. ಮಣಿ ಮಂಕಾದರೆ ಉಪ್ಪು ಕುಡಿಸಬೇಕು ಎಂಬುದು ಅವಳ ಕೈಗೆ ಅಂಟಿಹೋಗಿತ್ತು. ಗಂಗಣ್ಣನಿಂದ ಮೂಟೆ ಹೊರಿಸಿ, ದೊಡ್ಡ ಪೀಪಾಯಿಯಲ್ಲಿ ಕದಡಿ, ಕಾಲಮ್ಮಿಗೂ ಹೊಟ್ಟೆ ತುಂಬ ಉಪ್ಪು ನೀರು ಕುಡಿಸಿದಳು.

ನಾನು ಮದುವೆಯಿಂದ ಹಿಂತಿರುಗಿದ ಬೆಳಿಗ್ಗೆ ಪಾಕ ಬಿಟ್ಟರೆ ಎರಡೂ ಸಕ್ಕರೆ ಕೈ ಕೈ ಹಿಡಿದುಕೊಂಡು ಒಟ್ಟಿಗೇ ಇಳಿದವು. ಬಿಸಿ ನೋಡಿದೆ, ಹರಿವು ನೋಡಿದೆ, ಉಪಕರಣವನ್ನೇ ಅನುಮಾನಿಸಿ ಒರೆಸಿ ಮತ್ತೆ ನೋಡಿದೆ. ತಲೆಗೆ ಏನೂ ಹೊಳೆಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮ್ಯಾನೇಜರು ಮೆಟ್ಟಿಲಿಳಿದು ಬಂದರು. ಜಾಮಿನವರ ಲಾರಿ ಹೊರಗೆ ಕಾಯುತ್ತಿತ್ತು. ಕೆಲಸಗಾರರೆಲ್ಲ ಸುತ್ತ ನಿಂತಿದ್ದರು. ಅವಳ ಪಾಳಿ ಆಗ ತಾನೇ ಶುರುವಾಗಬೇಕಿತ್ತು. ಬಂದು, ಉಪಕರಣದಲ್ಲಿ ಕಣ್ಣಿಟ್ಟು ನೋಡಿ, ಹಾಗೇ ಮಂಕಾಗಿ ನಿಂತಳು.

"ಸಾರ್, ನಾನು ನೆನ್ನೆ ಸಂಜೆ ಇದಕ್ಕೆ ಉಪ್ಪು ನೀರು ಬಿಟ್ಟೆ" ಅಂದಳು. "ಚುರುಕಾಗ್ಲಿ ಅಂತ. ಅದಕ್ಕೇನಾದ್ರೂ ಇಂಗಾಯ್ತೇನೋ."

ಅವಳು ಉಪ್ಪು ಎಂದ ತಕ್ಷಣ ನನಗೆ ಎಲ್ಲ ಗೊತ್ತಾಯಿತು. ಈ ಮಣಿಗಳು ಫ್ರಕ್ಟೋಸನ್ನು ಹಿಡಿಯುತ್ತಿದ್ದದ್ದೇ ತಮ್ಮೊಳಗಿನ ಸುಣ್ಣದ ಅಂಶದಿಂದ. ಬಾಯ್ಲರ್ ಟ್ಯಾಂಕಿನಲ್ಲಿ ಯಾವುದು ಶತ್ರುವೋ ಇಲ್ಲಿ ಅದೇ ಪ್ರಾಣ. ಅದನ್ನು ಉಪ್ಪು ಹಾಕಿ ತೊಳೆದು ಚರಂಡಿಗೆ ಬಿಟ್ಟಿದ್ದಳು. ನನ್ನ ಎದೆಯಲ್ಲಿ ಅಂದು ಎದ್ದ ಸಂತೋಷವನ್ನು ಏನೆಂದು ಹೇಳಲಿ. ಮದುವೆ ಮನೆಯಲ್ಲೂ ನಾನು ಅಷ್ಟು ಖುಷಿಯಾಗಿರಲಿಲ್ಲ. ಇನ್‌ಚಾರ್ಜ್ ಕುರ್ಚಿ ನನ್ನ ಕಡೆ ತಿರುಗಿ ನಿಂತದ್ದು ಕಣ್ಣಿಗೆ ಕಂಡಿತು.

ಮ್ಯಾನೇಜರು ಕೂಗಾಡಿದರು. ಆ ಮನುಷ್ಯ ಅಷ್ಟು ಜೋರಾಗಿ ಕೂಗಿದ್ದನ್ನು ಯಾರೂ ಕೇಳಿರಲಿಲ್ಲ. ಅವಳು ತಲೆ ತಗ್ಗಿಸಲಿಲ್ಲ, ವಾದಿಸಲೂ ಇಲ್ಲ. ಅವರು ಉಸಿರು ತೆಗೆದುಕೊಳ್ಳಲು ನಿಂತಾಗ, "ಉಪ್ಪು ತಿಂದೋರು ನೀರು ಕುಡೀಲೇಬೇಕಲ್ಲ ಸಾರ್. ಏನ್ ಶಿಕ್ಷೆ ಕೊಡ್ತೀರೋ ಕೊಡಿ" ಅಂದಳು. ಅಷ್ಟರಲ್ಲಿ ಗಂಗಣ್ಣ ಮುಂದೆ ಬಂದ. "ಮೂಟೆ ಒತ್ತಿದ್ದು ನಾನು ಸಾರ್." ಅವನ ಹಿಂದೆ ಇನ್ನೊಬ್ಬ, "ಕದಡಿದ್ದು ನಾನು." ಪಂಪು ಹಾಕಿದವನು ಬಂದ, ವಾಲ್ವ್ ತಿರುಗಿಸಿದವನು ಬಂದ. ಉಪ್ಪು ಬಿಟ್ಟ ದಿನ ರಜೆಯಲ್ಲಿದ್ದವನೊಬ್ಬನೂ ಬಂದು ಸಾಲಿನಲ್ಲಿ ನಿಂತ. ಮ್ಯಾನೇಜರು ಒಬ್ಬೊಬ್ಬರ ಮುಖವನ್ನೇ ನೋಡುತ್ತಾ ಹೋದರು. ಆಮೇಲೆ, "ಏನ್ರೋ ಇದು, ಎಲ್ಲಾ ಸೇರ್ಕೊಂಡು ಕಾಲಮ್ಮನ್ನೇ ಉಪ್ಪಿನಕಾಯಿ ಹಾಕ್ಬಿಟ್ರಾ" ಅಂದರು. ಅಂದು ತಾವೇ ನಕ್ಕರು. ಎಲ್ಲರೂ ನಕ್ಕರು. ಲಾರಿಯವನೂ ಇಣುಕಿ ನೋಡಿ ನಕ್ಕ. ಶಿಕ್ಷೆಯ ಮಾತು ಅಲ್ಲಿಗೆ ಮುಗಿಯಿತು.

ನಾನು ಸಾಲಿನ ಆಚೆ ಒಬ್ಬಳೇ ನಿಂತಿದ್ದೆ. ಯಾವ ತಪ್ಪೂ ಮಾಡದ ಕಾರಣ ನನಗೆ ಆ ಸಾಲಿನಲ್ಲಿ ಜಾಗವಿರಲಿಲ್ಲ. ನಾನು ತಪ್ಪು ಮಾಡಿದ್ದರೆ ಯಾರು ಬಂದು ಪಕ್ಕ ನಿಲ್ಲುತ್ತಿದ್ದರು ಎಂದು ಎಷ್ಟು ಸಲ ಲೆಕ್ಕ ಹಾಕಿದ್ದೇನೋ.

ಕಾಲಮ್ಮನ್ನು ಸರಿಮಾಡಿದವಳು ನಾನು. ಯಾವ ಲವಣ, ಎಷ್ಟು ಗಟ್ಟಿ, ಎಷ್ಟು ನಿಧಾನ ಎಂದು ಲೆಕ್ಕ ಹಾಕಿ, ಕ್ಯಾಲ್ಸಿಯಂ ಲವಣ ತರಿಸಿ, ಅದರ ದ್ರಾವಣವನ್ನು ಮೇಲಿನಿಂದ ಬಿಡಿಸಿ, ಆಮೇಲೆ ಬಿಸಿನೀರಿನಲ್ಲಿ ತೊಳೆಸಿದೆ. ಹಲವು ದಿನ ಹಿಡಿಯಿತು. ಅವಳು ಪೂರಾ ನನ್ನ ಪಕ್ಕದಲ್ಲೇ ಇದ್ದಳು, ಹೇಳಿದ್ದನ್ನೆಲ್ಲ ಮರುಮಾತಿಲ್ಲದೆ ಮಾಡಿದಳು. "ನೀವಿಲ್ದಿದ್ರೆ ನಾನ್ ಕೆಟ್ಟಿದ್ದೆ ಕಣ್ರೀ. ನಿಮ್ ತಲೆ ನಂಗಿದ್ದಿದ್ರೆ ಏನೇನ್ ಮಾಡ್ಬೋದಿತ್ತು" ಅಂದಳು. ನಾನು "ಪರವಾಗಿಲ್ಲ ಬಿಡಿ" ಅಂದೆ. ನಿನ್ನ ಬಾಯಿ, ನಿನ್ನ ನಗು, ನಿನ್ನ ಆ ಸಾಲು ನನಗಿದ್ದಿದ್ದರೆ ಎಂದು ನಾನು ಹೇಳಲಿಲ್ಲ.

ಕೊನೆಗೆ ಒಂದು ಬೆಳಿಗ್ಗೆ ಉಪಕರಣದಲ್ಲಿ ಬೆಳಕು ಮೊದಲಿನ ಹಾಗೆ ಬಲಕ್ಕೆ ನಿಂತು, ಆಮೇಲೆ ಸ್ಪಷ್ಟವಾಗಿ ಎಡಕ್ಕೆ ತಿರುಗಿತು. ನಾನು ತಲೆಯೆತ್ತಿ "ಆಯಿತು" ಅಂದೆ. ಗಂಗಣ್ಣ ಕಾಲಮ್ಮಿನ ಮೇಲಿನ ಅಟ್ಟಣಿಗೆಯಿಂದ, "ಅಕ್ಕೋ, ಸರಿಯಾಯ್ತಂತೆ" ಎಂದು ಅವಳಿಗೆ ಕೂಗಿ ಹೇಳಿದ. ಎಲ್ಲರೂ ಅವಳ ಸುತ್ತ ಸೇರಿದರು. ಅವಳು ನನ್ನ ಕಡೆ ಕೈ ತೋರಿಸುತ್ತಲೇ ಇದ್ದಳು, ಅದನ್ನು ನಾನು ಕಂಡಿದ್ದೇನೆ. ಅವರು ನನ್ನ ಕಡೆಗೂ ತಿರುಗಿ ಗೌರವವಾಗಿ ನಮಸ್ಕಾರ ಮಾಡಿದರು.

ಈ ಕಥೆ ಕ್ಯಾಂಟೀನು ದಾಟಿ, ಪಕ್ಕದ ಎರಕದ ಕಾರ್ಖಾನೆಗೆ ಹೋಗಿ, ಜಾಲಹಳ್ಳಿ ಕ್ರಾಸಿನ ಟೀ ಅಂಗಡಿಗೂ ಮುಟ್ಟಿತು. ಒಂದು ಸಲ ಬಸ್ಸಿನಲ್ಲಿ ಗುರುತಿಲ್ಲದ ಇಬ್ಬರು ಅದನ್ನೇ ಹೇಳಿಕೊಂಡು ನಗುತ್ತಿದ್ದರು. ಉಪ್ಪಿನ ಮೂಟೆ ಅಷ್ಟರಲ್ಲಿ ಒಂದು ಲಾರಿ ಉಪ್ಪಾಗಿತ್ತು. ಕಥೆಯ ಕೊನೆಗೆ ಅವರು "ಆಮೇಲೆ ಸರಿಹೋಯ್ತಂತೆ" ಅಂದರು. ನನ್ನ ಲೆಕ್ಕ, ನನ್ನ ಲವಣ, ನನ್ನ ಅಷ್ಟೂ ದಿನ ಆ ಒಂದು ಮಾತಿನೊಳಗೆ ಮುಗಿದಿತ್ತು. ತಪ್ಪು ಮಾಡಿದವರಿಗೆ ಹೆಸರು ಬಂತು, ತಿದ್ದಿದವಳನ್ನು ಕೇಳುವವರಿರಲಿಲ್ಲ.

ವರ್ಷದ ಕೊನೆಯಲ್ಲಿ ಮ್ಯಾನೇಜರು ನನ್ನನ್ನು ಕರೆದರು. "ಕಂಗ್ರಾಚುಲೇಷನ್ಸ್. ಇನ್‌ಚಾರ್ಜ್ ನೀವೇ" ಅಂದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆ ದಿನ ನನ್ನ ಜೀವನದ ದೊಡ್ಡ ದಿನವಾಗುತ್ತಿತ್ತು. "ನಿಜ ಹೇಳ್ಬೇಕೂಂದ್ರೆ ಅವರಿಗೇ ಕೊಡೋಣ ಅಂತಿದ್ದೆ. ಜನಗಳನ್ನ ಚೆನ್ನಾಗಿ ಹಿಡಿದಿಟ್ಕೊಂಡಿದ್ದಾರೆ. ಆದ್ರೆ ಈ ಉಪ್ಪಿನ ವಿಷಯ ಹೆಡ್ ಆಫೀಸಿಗೆ ಹೋಗ್ಬಿಡ್ತು ನೋಡಿ" ಎಂದು ಸೇರಿಸಿದರು. ಬೇಸರದಿಂದಲೇ ಕೈ ಕುಲುಕಿದರು. ಬಯಸಿದ್ದು ಕೈಗೆ ಬಂತು, ಆದರೆ ಅವಳಿಗೆ ಬಡಿಸಿದ ಎಲೆಯನ್ನು ನನ್ನ ಮುಂದೆ ಎಳೆದ ಹಾಗೆ ಬಂತು.

ಅವಳಿಗೆ ಬೇಜಾರಾಗಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಒಂದು ತೊಟ್ಟು ಅಸೂಯೆಯನ್ನಾದರೂ ಅವಳ ಮುಖದಲ್ಲಿ ಹುಡುಕಿದೆ. ಮರುದಿನ ಮಾಕಳಿಯ ಮನೆಯಿಂದ ಹಿತಕಿದ ಬೇಳೆ ಸಾರು, ಒತ್ತು ಶ್ಯಾವಿಗೆ, ದೊಡ್ಡ ಪಾತ್ರೆಗಳಲ್ಲಿ ಎತ್ತಿನ ಗಾಡಿಯ ಮೇಲೆ ಬಂತು. "ನಮ್ ಮೇಡಂ ಇನ್‌ಚಾರ್ಜ್ ಆದ್ರು, ಎಲ್ರೂ ಉಣ್ರೋ" ಎಂದು ಅವಳೇ ಸೌಟು ಹಿಡಿದು ಬಡಿಸಿದಳು. ಪೂರ್ತಿ ಫ್ಯಾಕ್ಟರಿ ಉಂಡಿತು. ಅಕ್ಕನ ಮನೆಯ ಸಾರು ಅಂದರೆ ಸಾರು ಎಂದು ತಿಂಗಳುಗಟ್ಟಲೆ ಮಾತಾಡಿಕೊಂಡರು. ಯಾವ ಸಂತೋಷಕ್ಕೆ ಆ ಊಟ ಎಂಬುದು ಎರಡನೆಯ ದಿನಕ್ಕೇ ಮರೆತುಹೋಗಿತ್ತು.

ಬಾಗಿಲ ಮೇಲೆ ನನ್ನ ಹೆಸರಿನ ಫಲಕ ಬಂತು. ಹಿತ್ತಾಳೆಯದು, ನಾನೇ ಒರೆಸುತ್ತಿದ್ದೆ. ಅಲ್ಲಿಂದ ಮುಂದೆ ಆ ಸೆಕ್ಷನ್ನಿನಿಂದ ಬೆರಕೆ ಪಾಕ ಹೊರಗೆ ಹೋದದ್ದಿಲ್ಲ. ಕೆಲಸಗಾರರು ನನ್ನ ಮಾತು ಮೀರಿದ್ದೂ ಇಲ್ಲ. ಆದರೆ ಕಷ್ಟ ಬಂದಾಗ ಅವರು ಅವಳ ಮೇಜಿನ ಬಳಿ ಹೋಗುತ್ತಿದ್ದರು, ರಜೆ ಚೀಟಿಗೆ ಸಹಿ ಬೇಕಾದಾಗ ನನ್ನ ಬಳಿ ಬರುತ್ತಿದ್ದರು. ಅವಳು ನನ್ನ ಕೆಳಗೆ ಕೆಲಸ ಮಾಡಿದ ವರ್ಷಗಳಲ್ಲಿ ಒಂದು ದಿನವೂ ನನಗೆ ಎದುರಾಡಲಿಲ್ಲ. ಎದುರಾಡಿದ್ದರೆ ದ್ವೇಷಿಸಿ ಹಗುರಾಗುತ್ತಿದ್ದೆ.

ಆಮೇಲೆ ಅವರಪ್ಪ ಹಾಸಿಗೆ ಹಿಡಿದರು, ಅವಳು ಕೆಲಸ ಬಿಟ್ಟು ಮಾಕಳಿಗೆ ಹೋದಳು. ಹೊಲದ ಒಂದು ಮಗ್ಗುಲಲ್ಲಿ ಶೆಡ್ಡು ಕಟ್ಟಿಸಿ ಸಣ್ಣ ಕಾರ್ಖಾನೆಗಳಿಗೆ ಬಾಡಿಗೆಗೆ ಕೊಟ್ಟಳು. ನಾನು ಸಂಬಳಕ್ಕೆ ಕಾಯುವವಳಾಗಿಯೇ ಉಳಿದೆ, ಅವಳು ಮಾಲೀಕಳಾದಳು. ಅವಳ ಮದುವೆಯ ಕರೆ ಬಂತು, ಹೋಗಲಿಲ್ಲ; ಆ ವಾರ ಕೆಲಸ ಜಾಸ್ತಿ ಇತ್ತು. ಅವಳಿಲ್ಲದ ಸೆಕ್ಷನ್ನಿನಲ್ಲಿ ಇನ್ನು ನನಗೆ ನೆಮ್ಮದಿ ಎಂದುಕೊಂಡಿದ್ದೆ. ಸಂಜೆ ಬಸ್ಸಿನಲ್ಲಿ ಕೂತರೆ ಯಾರ ಜೊತೆ ನನ್ನನ್ನು ಹೋಲಿಸಿಕೊಳ್ಳಲಿ ಎಂದು ತಿಳಿಯದೆ ಬೇಸರವಾಗುತ್ತಿತ್ತು.

ತಿಥಿಗೆ ಗಂಗಣ್ಣನೇ ಆಟೋ ತಂದು ಕರೆದುಕೊಂಡು ಹೋದ. ಮಾಕಳಿಯಲ್ಲಿ ಈಗ ಹೊಲ ಕಾಣುವುದಿಲ್ಲ, ಶೆಡ್ಡುಗಳ ನಡುವೆ ಅವಳ ಮನೆ. ಶಾಮಿಯಾನ ಹಾಕಿದ್ದರು, ಜನ ಕಿಕ್ಕಿರಿದಿದ್ದರು. ಶೆಡ್ಡುಗಳಲ್ಲಿ ಕೆಲಸ ಮಾಡುವ ಹುಡುಗಿಯರು, ಬಸ್ಸಿನ ಕಂಡಕ್ಟರು, ನಮ್ಮ ಹಳೆಯ ಫ್ಯಾಕ್ಟರಿಯ ಅಷ್ಟೂ ತಲೆ ನೆರೆತವರು. ಹಾರ ಹಾಕಿದ ಫೋಟೋದಲ್ಲಿ ಅವಳು ಬಾಯಿ ತುಂಬ ನಗುತ್ತಿದ್ದಳು. ನನ್ನ ಫೋಟೋಕ್ಕೆ ಹಾರ ಬೀಳುವ ದಿನ ಎಷ್ಟು ಜನ ಬರಬಹುದು ಎಂದು ನಿಂತ ಜಾಗದಲ್ಲೇ ಎಣಿಸಿದೆ, ತಡೆಯಲಾಗಲಿಲ್ಲ. ಆಗ, ಯಾಕೋ ಗೊತ್ತಿಲ್ಲ, ಅಳು ಬಂತು. ಅವಳಿಗೋ ನನಗೋ ಎಂದು ನನ್ನನ್ನು ಕೇಳಬೇಡಿ.

ಊಟಕ್ಕೆ ಎಲೆ ಹಾಕಿದರು. ಹಳಬರ ಸಾಲಿನಲ್ಲಿ ಗಂಗಣ್ಣನ ಪಕ್ಕ ಕೂತೆ. ಅವಳ ಗಂಡ, ಬಿಳಿ ಪಂಚೆಯ ಸಣಕಲು ಮನುಷ್ಯ, ಸಾಲಿನುದ್ದಕ್ಕೂ ಬಗ್ಗಿ ಬಗ್ಗಿ ಎಲ್ಲರನ್ನೂ ಮಾತಾಡಿಸುತ್ತಾ ಬಂದರು. ನನ್ನ ಎಲೆಯ ಮುಂದೆ ನಿಂತು, ಗುರುತು ಸಿಗದೆ, ಗಂಗಣ್ಣನ ಮುಖ ನೋಡಿದರು.

"ಇವ್ರು ಮೇಡಂ" ಅಂದ ಗಂಗಣ್ಣ, ಬಹಳ ಗೌರವದಿಂದ. "ಇವ್ರೂ ಅಕ್ಕನ ಸೆಕ್ಷನ್ನಾಗೇ ಇದ್ದೋರು."

ಸುತ್ತಲಿದ್ದವರೆಲ್ಲ ಹೌದು ಹೌದೆಂದು ತಲೆಯಾಡಿಸಿದರು. ಒಬ್ಬನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಸುಮ್ಮನಿರಬೇಕಿತ್ತು, ಸಾವಿನ ಮನೆ. ನನ್ನಿಂದ ಆಗಲಿಲ್ಲ.

"ಇನ್‌ಚಾರ್ಜ್ ನಾನಾಗಿದ್ದೆ" ಅಂದೆ. ನಾನಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಗಂಗಣ್ಣ ತಲೆ ತಗ್ಗಿಸಿ ಅನ್ನ ಕಲಸತೊಡಗಿದ. ಅವಳ ಗಂಡ ಎರಡೂ ಕೈ ಜೋಡಿಸಿದರು.

"ಹೌದಾ ಮೇಡಂ. ನಂಗೆ ಗೊತ್ತಿರ್ಲಿಲ್ಲ" ಅಂದರು. ಆಮೇಲೆ ಬಡಿಸುವವನ ಕಡೆ ತಿರುಗಿ, "ಮೇಡಂಗೆ ಇನ್ನೊಂದ್ ಸೌಟು ಪಾಯಸ ಹಾಕಪ್ಪ" ಅಂದರು.

ಹಾಕಿಸಿಕೊಂಡೆ.